ಬಸಲಿಂಗವ್ವನ ನಾಲ್ಕು ಗಂಟೆ

ಅತ್ತೆಯ ಇಷ್ಟಲಿಂಗ ತನ್ನ ಕೊರಳಲ್ಲೇ ಉಳಿದುಬಿಟ್ಟಿತಲ್ಲ ಎಂಬ ಚಿಂತೆ ರೋಹಿಣಿಯನ್ನು ಬಸ್ಸಿನಲ್ಲಿ ಹಿಡಿದದ್ದು, ಗುಳೇದಗುಡ್ಡ ಮುಟ್ಟಿ, ಕೂಸಿಗೆ ಹಾಲು ಕುಡಿಸಿ, ತಾನೂ ಒಂದು ತುತ್ತು ಉಂಡು ಮಲಗಿದ ಮೇಲೂ ಬಿಡಲಿಲ್ಲ. ಅಂಗಾತ ಮಲಗಿದರೆ ಗಂಟು ಎದೆಗೆ ಒತ್ತುತ್ತಿತ್ತು. ಮಗ್ಗುಲಾದರೆ ಏಳು ತಿಂಗಳ ಕೂಸು ಅದರ ದಾರ ಹಿಡಿದು ಜಗ್ಗುತ್ತಿತ್ತು. ತೆಗೆದಿಡೋಣವೆಂದರೆ, “ನೆಲಕ್ಕ ಇಡಬ್ಯಾಡ, ಗೂಟಕ್ಕ ಹಾಕಬ್ಯಾಡ, ಮೈಮ್ಯಾಲೇ ಇರಲಿ” ಎಂದು ಅತ್ತೆ ಮೂರು ಸಲ ಹೇಳಿದ್ದಳು.

ಆದದ್ದಿಷ್ಟೇ. ಆ ದಿನ ಮಧ್ಯಾಹ್ನ ಬಾಗಲಕೋಟೆಯ ಕಣ್ಣಿನ ಆಸ್ಪತ್ರೆಯಲ್ಲಿ ಬಸಲಿಂಗವ್ವನ ಬಲಗಣ್ಣಿನ ಪೊರೆ ತೆಗೆಯುವುದಿತ್ತು. ಹಸಿರು ನಿಲುವಂಗಿ ತೊಡಿಸಲು ಬಂದ ನರ್ಸಮ್ಮ, “ಯಜ್ಜಿ, ಕಿವ್ಯಾಗಿಂದು, ಕೊರಳಾಗಿಂದು ಎಲ್ಲಾ ತೆಗೀರಿ” ಎಂದಳು.

“ಕಿವ್ಯಾಗಿಂದು ತಗೋ. ಕೊರಳಾಗಿಂದು ಬರೂದಿಲ್ಲ. ನಮ್ಮಾಗ ಹೆಣಕ್ಕೂ ಲಿಂಗ ಬಿಡಿಸೂದಿಲ್ಲ.”

“ಕಣ್ಣು ತೋರಿಸಾಕ ಬಂದು ಹೆಣದ ಮಾತ್ಯಾಕ ಬೇ ಯಜ್ಜಿ?”

“ಮತ್ತ ನೀ ತೆಗಿ ಅಂದ್ರ ನಾ ಏನ್ ಅನ್ಲಿ?”

ಡಾಕ್ಟರೇ ಬಂದು ಕೈಮುಗಿದ ಮೇಲೆ ಬಸಲಿಂಗವ್ವ ಸೋತಳು. ಬಿಳಿ ವಸ್ತ್ರದಲ್ಲಿ ಕಟ್ಟಿದ ಲಿಂಗವನ್ನು ತನ್ನ ಕೊರಳಿಂದ ತೆಗೆದು ಸೊಸೆಯ ಕೊರಳಿಗೆ ತಾನೇ ಹಾಕಿದಳು. “ಒಂದ ತಾಸಿನ ಮಾತು” ಎಂದಳು. ತಾಸು ಎರಡಾಯಿತು. ಕೂಸು ಪಡಸಾಲೆಯಲ್ಲಿ ಚಿಟ್ಟನೆ ಚೀರತೊಡಗಿತು. ಅತ್ತೆಯನ್ನು ಹೊರಗೆ ತಂದಾಗ ಅವಳಿಗೆ ಮಂಪರು. ಗಂಡ ವೀರೇಶ, “ನಾ ಇರ್ತೀನಿ, ನೀ ಬಸ್ ಹಿಡಿ” ಎಂದ. ರೋಹಿಣಿ ಓಡಿದಳು. ಅರ್ಧ ದಾರಿಯಲ್ಲಿ ನೋಡಿದರೆ ಕೂಸು ಲಿಂಗದ ಗಂಟನ್ನು ಬಾಯಿಗೆ ಹಾಕಿಕೊಂಡು ಹಾಯಾಗಿ ಚೀಪುತ್ತಿದೆ!

ಮನೆ ಮುಟ್ಟಿ ಗಂಡನಿಗೆ ಫೋನು ಮಾಡಿದಳು.

“ಅವ್ವ ಎಚ್ಚರಾದ ಕೂಡ್ಲೇ ಕೊಳ್ಳ ಮುಟ್ಟಿ ನೋಡ್ಕೊಂಡ್ಲು,” ಎಂದ ವೀರೇಶ. “ಸಂಜೀ ಪೂಜಿ ತಪ್ಪಿತು. ಹನಿ ನೀರು ಕುಡಿದಿಲ್ಲ.”

“ರೀ, ಅವರಿಗೆ ಶುಗರ್ ಐತ್ರಿ!”

“ನನಗ ಹೇಳಬ್ಯಾಡ, ಆಕಿಗೆ ಹೇಳು. ರಾತ್ರಿ ಒಬ್ಬಾಕಿನ್ನ ಬಿಡಬ್ಯಾಡ್ರಿ ಅಂದಾರ ಡಾಕ್ಟರು. ನಾಲ್ಕಕ್ಕ ಗಾಡಿ ತಗೊಂಡು ಬಿಡ್ತೀನಿ. ಲಿಂಗ ಹಿಡಕೊಂಡು ಬಾಗಿಲ್ದಾಗ ತಯಾರಿರು.”

ನೀರು ಯಾಕೆ ಕುಡಿಯುವುದಿಲ್ಲ ಎಂದು ರೋಹಿಣಿ ಕೇಳಲಿಲ್ಲ. ಮದುವೆಯಾಗಿ ಬಂದ ಈ ಎರಡು ವರ್ಷದಲ್ಲಿ ಅದೊಂದನ್ನು ಅವಳು ಚೆನ್ನಾಗಿ ಕಂಡಿದ್ದಳು. ಬಸಲಿಂಗವ್ವ ಹತ್ತೊಂಬತ್ತರ ಹರೆಯದಲ್ಲಿ ಕಮತಗಿಯಿಂದ ಈ ಮನೆಗೆ ಬಂದವಳು. ನಲವತ್ತಾರು ವರ್ಷದಿಂದ ನಾಲ್ಕು ಗಂಟೆಗೆ ಎದ್ದವಳು. ತಣ್ಣೀರು ಮೈಮೇಲೆ ಸುರುವಿಕೊಂಡು, ಹಣೆಗೆ ಮೂರು ಬೆರಳು ವಿಭೂತಿ ಎಳೆದು, ದೇವರ ಜಗಲಿಯ ಮುಂದೆ ಒಂದು ಹಣತೆ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅದನ್ನೇ ನೋಡುತ್ತ ಕೂತರೆ ಕೋಳಿ ಕೂಗುವವರೆಗೆ ಮಾತಿಲ್ಲ. ಮುಗಿದ ಮೇಲೆ ಲಿಂಗವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಕೊರಳಿಗೆ ಕಟ್ಟಿಕೊಂಡು, ಆಮೇಲೆ ಮೊದಲ ಗುಟುಕು ನೀರು; ಸಂಜೆಯ ಪೂಜೆಗೂ ಇದೇ ನೇಮ. ಆಮೇಲೆ ಕುಣಿಮಗ್ಗಕ್ಕೆ ಇಳಿದು ಕುಪ್ಪಸದ ಖಣ ನೇಯುವುದು. ವೀರೇಶ ಹುಟ್ಟಿದ ಮರುದಿನವೂ ಕೂತಳಂತೆ. ನಮಗೆಲ್ಲಿಯ ಸೂತಕ ಎಂದಳಂತೆ. ಗಂಡನನ್ನು ಮಣ್ಣು ಮಾಡಿ ಬಂದ ಮರುದಿನವೂ ಕೂತಳು. ಎಂಥ ಗಟ್ಟಿ ಎದೆ ಇವಳದು ಎಂದು ಓಣಿಯವರು ಆಡಿಕೊಂಡರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಟು ವರ್ಷದ ಮಗನಿದ್ದ, ಮಗ್ಗ ನಿಲ್ಲುವಂತಿರಲಿಲ್ಲ.

ಹೊಸದರಲ್ಲಿ ರೋಹಿಣಿ ಕೇಳಿದ್ದಳು. “ಅತ್ತಿ, ಅಷ್ಟೊತ್ತು ನೋಡ್ತೀರಲ್ಲ, ಏನ್ ಕಾಣ್ತದರಿ?”

“ಏನೂ ಕಾಣೂದಿಲ್ಲ. ಮೊದಮೊದಲು ಮಗ್ಗದಾಗ ಹರಿದ ಎಳಿ ಕಾಣತಿದ್ದುವು. ಯಾರು ಏನಂದ್ರು, ಯಾವಾಗಂದ್ರು, ಅದು ಕಾಣತಿತ್ತು. ಕುಂತು ಕುಂತು ಅವೂ ಹೋದುವು. ಈಗ ದೀಪದ್ದೊಂದು ಚುಕ್ಕಿ ಇರತೈತಿ ಅದರಾಗ. ಅಷ್ಟ.”

ಹುಬ್ಬಳ್ಳಿಯಲ್ಲಿ ಓದಿದ ರೋಹಿಣಿಗೆ ಅದು ಉತ್ತರ ಅನ್ನಿಸಿರಲಿಲ್ಲ. ಅವಳ ಸ್ವಂತ ಲಿಂಗ ಬೆಳ್ಳಿ ಕರಡಿಗೆಯಲ್ಲಿ, ಜಗಲಿಯ ಮೇಲೆ. ಹಬ್ಬಕ್ಕೆ, ಮದುವೆಗೆ ಹೊರಬರುತ್ತಿತ್ತು. ಕೂಸು ಹುಟ್ಟಿದಂದಿನಿಂದಂತೂ ಅವಳ ಧ್ಯಾನವೆಲ್ಲ ಬಿಸಿನೀರಿನ ಮೇಲೆ. ಬಾಟಲಿ, ಚಮಚ, ಗಿಲಕಿ, ಎಲ್ಲವೂ ಪಾತೇಲಿಯಲ್ಲಿ ಹತ್ತು ನಿಮಿಷ ಕುದಿಯಬೇಕು. “ಒಂದಿನ ಕೂಸಿನ್ನೂ ಕುದಿಸ್ತಾಳ ಇಕಿ” ಎಂದು ಬಸಲಿಂಗವ್ವ ನೆರೆಯವರ ಮುಂದೆ ನಗುತ್ತಿದ್ದಳು.

ಮೂರೂವರೆಗೆ ರೋಹಿಣಿ ಎದ್ದು ಜಳಕ ಮಾಡಿದಳು. ಒಲೆಯ ಮೇಲೆ ಬಾಟಲಿಗಳಿಗೆ ನೀರಿಟ್ಟಳು. ಆಗ ತಲೆಗೆ ಹೊಳೆಯಿತು: ಇನ್ನೆರಡು ತಾಸಿಗೆ ಅತ್ತೆ ಈ ಲಿಂಗವನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಪಟ್ಟಿ ಸರಿಸಿಯಾದರೂ ಒತ್ತಿಕೊಳ್ಳುವವಳೇ. ಆಸ್ಪತ್ರೆಯ ಗಾಳಿ, ಬಸ್ಸಿನ ಧೂಳು, ಕೂಸಿನ ಜೊಲ್ಲು ಎಲ್ಲ ಹತ್ತಿದ ಲಿಂಗ! ಕಣ್ಣು ಒರೆಸುವ ಹತ್ತಿಯನ್ನೂ ಕುದಿಸಿ ಆರಿಸಿರಬೇಕು, ಕೀವಾದರೆ ಕಣ್ಣೇ ಹೋಗುತ್ತದೆ ಎಂದು ಡಾಕ್ಟರು ಬೆರಳೆತ್ತಿ ಹೇಳಿದ್ದರು. ಬೇಡವೆಂದರೆ ಅತ್ತೆ ಕೇಳುವವಳಲ್ಲ. ಕಲ್ಲಿಗೆ ಬಿಸಿನೀರು ಏನು ಮಾಡೀತು?

ಗಂಟು ಬಿಚ್ಚಿ, ಕೈಮುಗಿದು, ಲಿಂಗವನ್ನು ಕುದಿಯುವ ನೀರಿಗೆ ಬಿಟ್ಟಳು. ಕೂಸು ಅತ್ತಿತು. ತೊಟ್ಟಿಲು ತೂಗಿ ಬಂದಳು.

ನೀರು ಕರ್ರಗಾಗಿತ್ತು. ಬಾಟಲಿಗಳ ಸುತ್ತ ಡಾಂಬರಿನಂಥ ಅಂಟು. ಸುಟ್ಟ ಎಣ್ಣೆಯ ವಾಸನೆ. ಚಮಚದಿಂದ ಎತ್ತಿದರೆ ಆ ನುಣುಪಾದ ಕರಿ ಹೊಳಪು ಎಲ್ಲೂ ಇಲ್ಲ. ಒಂದು ಬದಿ ಜಾರಿದ ಮೇಣದ ಹಾಗೆ ಇಳಿದಿದೆ, ಇನ್ನೊಂದು ಬದಿಯಲ್ಲಿ ಹುಣಸೆಬೀಜದಷ್ಟು ಬೂದು ಕಲ್ಲು ಹೊರಬಿದ್ದಿದೆ. ಲಿಂಗವೆಂದರೆ ಇಡಿಯಾಗಿ ಕಲ್ಲು ಎಂದುಕೊಂಡಿದ್ದಳು ಅವಳು; ಮೇಲಿನ ಕರಿಯದು ಬರೀ ಮೆತ್ತಿದ ಲೇಪ. “ಶಿವನೇ” ಎಂದಳು.

ಗಡಿಯಾರ ನಾಲ್ಕು ಹತ್ತು ತೋರಿಸುತ್ತಿತ್ತು. ವೀರೇಶ ಆಗಲೇ ದಾರಿಯಲ್ಲಿರಬೇಕು.

ತೊಟ್ಟಿಲಿಗೆ ಕೂಸಿನ ಲಿಂಗ ಕಟ್ಟಿತ್ತು. ಹೆಸರಿಡುವ ಮೊದಲೇ ಮಠದ ಅಯ್ಯನವರು ಬಂದು ಕಟ್ಟಿದ್ದು. ಬಿಚ್ಚಿ ನೋಡಿದಳು. ಅದೇ ಕಪ್ಪು, ಅದೇ ಹೊಳಪು, ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ. ಅತ್ತೆಯ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ಗೊತ್ತಾಗುವುದೇ ಇಲ್ಲ. ಪೂಜೆ ಮಾಡುತ್ತಾಳೆ, ನೀರು ಕುಡಿಯುತ್ತಾಳೆ, ಗುಳಿಗೆ ನುಂಗುತ್ತಾಳೆ. ನಾಲ್ಕು ದಿನ ಬಿಟ್ಟು ಅಯ್ಯನವರನ್ನು ಕಂಡು ಏನಾದರೂ ಮಾಡಿದರಾಯಿತು. ರೋಹಿಣಿ ಕೂಸಿನ ಲಿಂಗವನ್ನು ಅತ್ತೆಯ ವಸ್ತ್ರದಲ್ಲಿಟ್ಟು ಮೂರು ಸುತ್ತು ಸುತ್ತಿ ಗಂಟು ಹಾಕಿಯೂ ಬಿಟ್ಟಳು.

ಗಂಟನ್ನು ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತಳು. ಬೈಸಿಕೊಳ್ಳುವ ಅಂಜಿಕೆ ಇದ್ದೇ ಇತ್ತು. ಆದರೆ ಅದಕ್ಕಿಂತ ಬೇರೆಯದೊಂದು ಒಳಗೆ ಚುಚ್ಚತೊಡಗಿತು. ನಲವತ್ತಾರು ವರ್ಷ ಒಂದು ಮುಂಜಾನೆಯೂ ತಪ್ಪದ ನೇಮವನ್ನು ಬಸಲಿಂಗವ್ವ ಇವತ್ತು ಮುರಿಯುತ್ತಾಳೆ. ತನ್ನದಲ್ಲದ ಲಿಂಗ ಹಿಡಿದು ಕೂತು, ಆಯಿತೆಂದು ನೀರು ಕುಡಿಯುತ್ತಾಳೆ. ಮುರಿದದ್ದು ಅವಳಿಗೆ ಗೊತ್ತೇ ಇರುವುದಿಲ್ಲ, ಸೊಸೆಗೆ ಮಾತ್ರ ಗೊತ್ತಿರುತ್ತದೆ. ನಾಳೆಯಿಂದ ದಿನಾ ನಾಲ್ಕು ಗಂಟೆಗೆ ಅವಳು ಹಣತೆ ಹಚ್ಚುವ ಸಪ್ಪಳ ಕೇಳುತ್ತ ಮಲಗಿರುವುದು ಹೇಗೆ?

ಹೇಳಿದರೋ, ಅವಳು ನೀರು ಮುಟ್ಟುವುದಿಲ್ಲ. ಶುಗರ್ ಇಳಿದು ಬಿದ್ದರೆ?

ಎರಡು ಸಲ ಫೋನು ಕೈಗೆತ್ತಿಕೊಂಡು ಎರಡು ಸಲ ಇಟ್ಟಳು. ಗಂಟು ಬಿಚ್ಚಿ ಕೂಸಿನ ಲಿಂಗವನ್ನು ತೊಟ್ಟಿಲಿಗೆ ಕಟ್ಟಿದಳು. ಆಮೇಲೆ ಅತ್ತೆಯ ಬಟನ್ ಫೋನಿಗೆ ಹಚ್ಚಿದಳು.

ಮೊದಲ ರಿಂಗಿಗೇ ಎತ್ತಿದಳು ಬಸಲಿಂಗವ್ವ. ಎದ್ದು ಮಂಚದ ಮೇಲೆ ಕೂತಿದ್ದಳೆಂದು ದನಿಯಲ್ಲೇ ತಿಳಿಯುತ್ತಿತ್ತು. “ಯಾಕ ರೋಹಿಣಿ, ಅವ ಬಂದನೇನ?”

“ಅತ್ತಿ, ಅವರಿನ್ನೂ ಬಂದಿಲ್ಲರಿ. ನಾ… ನಿಮ್ಮ ಲಿಂಗ ಕುದಿಸಿಬಿಟ್ಟೆರಿ. ಕಣ್ಣಿಗೆ ಒತ್ತಿಕೋತೀರಲ್ಲ, ಕೀವಾದೀತಂತ. ಮ್ಯಾಲಿನ ಕರೀದೆಲ್ಲಾ ಕರಗಿ ಹೋತರಿ.”

ಆಚೆ ಕಡೆ ವಾರ್ಡಿನಲ್ಲಿ ಯಾರೋ ಕೆಮ್ಮಿದ್ದು ಕೇಳಿತು.

“ಕುದಿಸಿದಿ?”

“ಹೂಂನ್ರಿ.”

“ಬಾಟ್ಲಿ ಜೋಡಿ?”

“ಹೂಂನ್ರಿ ಅತ್ತಿ.”

“ಅಯ್ಯ ನಿನ್ನ! ನನ್ನ ಗುರು ಕೊಟ್ಟಿದ್ದನ್ನ ಆಲೂಗಡ್ಡಿ ಮಾಡಿದ್ಯಲ್ಲ ಹುಚ್ಚಿ!” ರೋಹಿಣಿ ಕಣ್ಣು ಮುಚ್ಚಿ ಕಾದಳು. ಬಸಲಿಂಗವ್ವನೇ ಕೇಳಿದಳು. “ಒಳಗಿನ ಕಲ್ಲು ಐತೇನ? ಒಡದಿಲ್ಲಲ್ಲ?”

“ಇಲ್ಲರಿ. ಇಲ್ಲೇ ಅಂಗೈಯಾಗ ಐತಿ.”

“ಒಗದುಗಿಗದೀಯ, ಜ್ವಾಕಿ! ಮ್ಯಾಲಿಂದು ಸವದಾಗ ಎರಡ ಸಲ ಮೆತ್ತಿಸೀನಿ, ಮತ್ತೊಮ್ಮಿ ಮೆತ್ತತಾರ. ಅಯ್ಯನವರು ಎದ್ದಿರ್ತಾರ, ಹೋಗು, ನಡದದ್ದು ನಡದಂಗ ಹೇಳು. ಅದು ಆಗೂತನಕ ಬ್ಯಾರೆ ಲಿಂಗ ಕೊಡಲಿ ಅನ್ನು. ಅವರನ್ನ ವೀರೇಶ ಗಾಡಿ ಮ್ಯಾಲೆ ಕೂಡಿಸ್ಕೊಂಡು ಬರ್ತಾನ. ಅವರ ಕೈಯಿಂದನ ತಗೋಬೇಕು.”

“ಅಲ್ಲೀತನಕ ನೀರು ಕುಡೀರಿ ಅತ್ತಿ. ಕೈಮುಗಿತೀನಿ. ಶುಗರ್…”

“ಆಗೂದಿಲ್ಲ.”

“ಒಂದ ಗುಟುಕ…”

“ಆಗೂದಿಲ್ಲ ಅಂದೆ. ನರ್ಸವ್ವ ಈಗ ಬೆರಳು ಚುಚ್ಚಿ ನೋಡ್ಯಾಳ, ಛಲೋ ಐತಿ ಅಂದಾಳ. ಮತ್ತ ಆರಕ್ಕ ನೋಡ್ತಾಳ. ಕಣ್ಣಿಗೆ ಔಷಧ ಹಾಕಿಸ್ಕೊಂಡೀನಿ. ಅದು ಬಾಯಿಗೆ ಹೋಗೂದಲ್ಲಲ್ಲ.”

“ಹಂಗಂದ್ರ ಈಗ ಪೂಜಿ?”

“ಅಂಗೈ ಐತಲ್ಲ. ಇವತ್ತು ಬರೇ ಅಂಗೈ ಹಿಡಕೊಂಡು ಕುಂದರತೀನಿ.” ಮತ್ತೆ ಕೆಮ್ಮು, ಮಂಚ ಕಿರುಗುಟ್ಟಿದ ಸದ್ದು. “ಅಳಬ್ಯಾಡ, ಕೂಸು ಎದ್ದೀತು. ಫೋನ್ ಇಡು ಇನ್ನ, ನನಗ ಹೊತ್ತಾಗಾಕತ್ತೈತಿ.”