ಕೋಟಿನ ಎರಡನೇ ಟ್ರಯಲ್

ಏಳನೇ ತರಗತಿಗೆ ನನ್ನ ಓದು ನಿಂತಿತು. ಕುರುಗೋಡಿನಲ್ಲಿ ಹೊಲಿಗೆ ಕಲಿತು, ಆಮೇಲೆ ಬಳ್ಳಾರಿಯ ಟೇಲರ್ ಅಂಗಡಿಯೊಂದಕ್ಕೆ ಸೇರಿದೆ. ಮೊದಲ ದಿನವೇ ಒಬ್ಬ ಗಿರಾಕಿ ಬಂದು ನನ್ನ ಮುಖವನ್ನೂ ನೋಡದೆ ಎರಡೂ ತೋಳು ಚಾಚಿ ನಿಂತುಬಿಟ್ಟ. "ಕೊಲತ ತೀಸ್ಕೋ" ಎಂದರು ಮಾಲೀಕರು. ಕೊಲತ ಎಂದರೆ ತೆಲುಗಿನಲ್ಲಿ ಅಳತೆ. ನಮ್ಮ ಬಾದನಹಟ್ಟಿಯಲ್ಲಿ ಹೊಸಬ ಕಟ್ಟೆಯ ಮೇಲೆ ಕೂರುವ ಮೊದಲೇ "ಯಾರ ಮನ್ಯಾವಪಾ ನೀನು" ಎಂದು ಕೇಳುತ್ತಾರೆ. ಇಲ್ಲಿ ಆ ಮನುಷ್ಯ ಎದೆ, ಸೊಂಟ, ಹೆಗಲು ಎಲ್ಲ ಒಪ್ಪಿಸಿ ನಿಂತ. ನನ್ನ ಹೆಸರು ಮಾತ್ರ ಕೇಳಲಿಲ್ಲ.

ಪಾರ್ವತಿನಗರದಲ್ಲಿ ಒಂದು ಖೋಲಿ ಸಿಕ್ಕಿತು. ಮನೆಯ ಯಜಮಾನ ಬೀಗದ ಕೈ ಕೊಡುತ್ತಾ, "ಸ್ಟೋವಿನ ಹೊಗಿ ಗ್ವಾಡಿಗೆ ಬಡೀಬಾರ್ದು ನೋಡು" ಎಂದ. ಅದೇ ಅವನ ಸ್ವಾಗತ. ಊರಿನಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಗುತ್ತಿತ್ತು. ಇಲ್ಲಿ ನಾನೇ ಬಡಿಯಬೇಕು. ಅಂಚು ಒಡೆದ ರೊಟ್ಟಿ ನೋಡಿ ನಗುವವರೂ ಇರಲಿಲ್ಲ.

ಹತ್ತಿರದಲ್ಲೇ ವಿರೂಪಾಕ್ಷಪ್ಪ ಎಂಬ ನಿವೃತ್ತ ಮೇಷ್ಟ್ರು ಸಂಜೆ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಕೋಟಿನ ಅಳತೆಯೆಲ್ಲ ಇಂಗ್ಲಿಷಿನಲ್ಲಿ ಬರೆಯಬೇಕು, ಅದಕ್ಕೆ ಕಲಿಯುತ್ತೇನೆ ಎಂದು ಮಾಲೀಕರಿಗೆ ಹೇಳಿದ್ದೆ. ಅದು ನೆಪ. ಮೇಷ್ಟ್ರು ದಿನಾ ಹಾಜರಿ ಕೂಗುತ್ತಿದ್ದರು. ಬಳ್ಳಾರಿಯಲ್ಲಿ "ಬಸವರಾಜ" ಎಂಬ ನನ್ನ ಹೆಸರು ಕೇಳಿಸುತ್ತಿದ್ದುದು ಆ ಒಂದು ಜಾಗದಲ್ಲಿ ಮಾತ್ರ.

ಒಮ್ಮೆ ನಿಮ್ಮ ಮನೆಯ ಬಗ್ಗೆ ಬರೆಯಿರಿ ಎಂದರು. ದೇವರ ಗೂಡು, ಎತ್ತಿಗೆ ಮೇವು ಹಾಕುವ ಗ್ವಾದಲಿ, ಅವ್ವನ ರೊಟ್ಟಿ, ಎಲ್ಲವನ್ನೂ ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಪುಟದ ತುಂಬಾ ಒತ್ತಿ ಒತ್ತಿ ಬರೆದೆ. ವಾಪಸು ಬಂದಾಗ ಮನೆಯೇ ಕಾಣದಷ್ಟು ಕೆಂಪು ಶಾಯಿ. ತಪ್ಪುಗಳನ್ನು ಅವರು ಗಟ್ಟಿಯಾಗಿ ಓದಿದರು, ಪಾಠಕ್ಕೆ ಬರುತ್ತಿದ್ದ ಬ್ಯಾಂಕಿನ ಗುಮಾಸ್ತರೊಬ್ಬರು ನಕ್ಕರು. ಮರುದಿನದಿಂದ ನಾನು ಹೋಗಲಿಲ್ಲ. ದುಡಿದು ತಿನ್ನುವವನು ನಾನು, ಇನ್ನೊಬ್ಬರ ನಗೆಗೆ ಯಾಕೆ ತಲೆ ಕೊಡಲಿ ಎಂದುಕೊಂಡೆ. ಆದರೆ ಸಂಜೆ ಹಾಜರಿಯ ಹೊತ್ತಿಗೆ ಮಷೀನು ತುಳಿಯುವ ಕಾಲು ತಾನೇ ನಿಲ್ಲುತ್ತಿತ್ತು. ಹಾಗೇ ವಾರಗಳು ಕಳೆದವು.

ಮಗನ ಮದುವೆಗೆ ಕೋಟು ಹೊಲಿಸಲು ಮೇಷ್ಟ್ರು ನಮ್ಮ ಅಂಗಡಿಗೇ ಬಂದರು. ಪಾಠದ ಮಾತೆತ್ತದೆ ಅಳತೆ ಬರೆದುಕೊಂಡೆ. ಟ್ರಯಲ್ ದಿನ ಕಚ್ಚಾ ಹೊಲಿಗೆಯ ಕೋಟು ತೊಡಿಸಿದಾಗ ನೋಡಿದೆ, ಅವರ ಎಡ ಹೆಗಲು ಇಳಿದಿತ್ತು. ಗಟ್ಟಿಯಾಗಿ ಹೇಳಿಬಿಡಲೇ ಎನಿಸಿತು. ಆದರೆ ನಮ್ಮ ಕಸುಬಿನಲ್ಲಿ ಒಂದು ರೀತಿಯಿದೆ. ಗಿರಾಕಿಯ ಮೈಯನ್ನು ದೂರುವಂತಿಲ್ಲ, ಬಟ್ಟೆಯನ್ನೇ ದೂರಬೇಕು.

"ಕಾಲರ್ ಭಾಳ ಚಂದ ಕೂತೈತ್ರಿ ಸರ. ಎಡಗಡಿ ಅರಿವಿ ಒಂಚೂರು ಜಗ್ಗಾಕತ್ತೈತಿ" ಎಂದು ಸುಣ್ಣದ ಗುರುತು ಹಾಕಿದೆ.

"ಅರಿವಿ ಜಗ್ಗತೈತೋ, ನನ್ನ ಹೆಗಲ ಇಳಿದೈತೋ?"

"ಅರಿವೀನ ರೀ ಸರ."

"ನಮ್ಮ ಮನಿಯಾಕಿ ಮದಿವಿ ಆದಾಗಿಂದ ಸೊಟ್ಟ ಹೆಗಲಾವ ಅಂತಾಳ. ನೀ ಒಬ್ಬನ ನೋಡಪಾ ಸುಳ್ಳು ಹೇಳಾವ." ಕನ್ನಡಿಯಲ್ಲೇ ನನ್ನನ್ನು ನೋಡಿ ಕೇಳಿದರು, "ಪಾಠಕ್ಕ ಬರಾದು ಯಾಕ ಬಿಟ್ಟಿ?"

"ನಮ್ಮ ಮನಿಗೆಲ್ಲ ಕೆಂಪು ಬಳದ್ರಿ ಸರ ನೀವು."

ಅವರು ಕನ್ನಡಿಯಿಂದ ನನ್ನ ಕಡೆ ತಿರುಗಿದರು. ಆಮೇಲೆ ತೋಳು ಎತ್ತಿ, "ಇದೂ ಉದ್ದ ಆಗೈತಿ. ಯಾಕ ಹೇಳಲಿಲ್ಲ?" ಎಂದರು.

"ಮೊದ್ಲ ಹೆಗಲ ಸರಿ ಆಗ್ಲಿ ಸರ. ತೋಳು ತಾನ ಸರಿ ಬಂದ್ರೂ ಬರಬೌದು. ಇಲ್ಲಾಂದ್ರ ಮುಂದಿನ ಟ್ರಯಲ್‌ನಾಗ ನೋಡೋಣು."

"ಅಂದ್ರ ನಾ ಮತ್ತ ಬರಬೇಕು."

"ಬರಬೇಕ್ರಿ. ಒಂದ ಟ್ರಯಲ್‌ಗೆ ಕೋಟು ಮುಗಿಯಂಗಿಲ್ಲ."

"ನಾ ಬರ್ತೀನಿ. ನೀ ಯಾಕ ಒಂದ ಟ್ರಯಲ್‌ಗೆ ಓಡಿ ಹೋದಿ?"

ನಾನು ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡು ಎಡ ಹೆಗಲಿನ ಕಚ್ಚಾ ಹೊಲಿಗೆ ಬಿಚ್ಚತೊಡಗಿದೆ.

ಮರುದಿನ ಸಂಜೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಹಾಜರಿಯಲ್ಲಿ ನನ್ನ ಹೆಸರು ಹಾಗೇ ಇತ್ತು. ಮನೆಯ ಬಗ್ಗೆ ಮತ್ತೆ ಬರೆದೆ. ಈ ಸಲ, ಮುಂದೆ ಬಿಚ್ಚಿ ತಿದ್ದಲೆಂದು ಹೊಲಿಗೆಯೊಳಗೆ ಬಟ್ಟೆ ಬಿಡುವ ಹಾಗೆ ಸಾಲಿನ ನಡುವೆ ಜಾಗ ಬಿಟ್ಟಿದ್ದೆ. ಮೇಷ್ಟ್ರು ಪೆನ್ಸಿಲ್ ಹಿಡಿದಿದ್ದರು. ರೊಟ್ಟಿಯ ಸಾಲಿನ ಮೇಲೆ ಬೆರಳಿಟ್ಟು, "ಇದು ಚಲೋ ಕೂತೈತಿ" ಎಂದರು. ಎರಡೇ ಕಡೆ ಗುರುತು ಹಾಕಿ, ನೀನೇ ತಿದ್ದು ಎಂದು ಕೊಟ್ಟರು. ತಿದ್ದುವಾಗ ಮೂರನೆಯ ತಪ್ಪು ನನಗೇ ಕಂಡಿತು.

ಮೇಷ್ಟ್ರು ಈಗ ಸಿರುಗುಪ್ಪದ ಮಗಳ ಮನೆಯಲ್ಲಿದ್ದಾರೆ. ನಾನು ಇಂಗ್ಲಿಷಿನಲ್ಲಿ ಕಾಗದ ಬರೆದರೆ ಪೆನ್ಸಿಲಿನ ಒಂದು ಗುರುತಿನೊಂದಿಗೆ ಅದೇ ಕಾಗದ ವಾಪಸು ಬರುತ್ತದೆ. ಅವ್ವ ತೀರಿಕೊಂಡಳು. ಊರಿಗೆ ಹೋದರೆ "ಬಳ್ಳಾರ್ಯಾವ ಬಂದ" ಎನ್ನುತ್ತಾರೆ. ಇಲ್ಲಿ ನಾನು ಬಾದನಹಟ್ಟಿ ಟೇಲರ್. ಎರಡೂ ಕಡೆ ಊರಿನ ಹೆಸರೇ ಹೊರತು ನನ್ನದಲ್ಲ.

ಈಗ ನನ್ನ ಬಳಿ ಇರುವುದು ಸ್ವಂತ ಅಂಗಡಿ ಒಂದು, ಮಷೀನು ಎರಡು, ಭಾಷೆ ಮೂರು. ಹೆಸರು ಹಿಡಿದು ಕರೆಯುವವರು ಒಬ್ಬರು, ಅವರು ಸಿರುಗುಪ್ಪದಲ್ಲಿದ್ದಾರೆ.