ಮೂಡುಮನೆಯ ಸೂಟೆ

ಮೊನ್ನೆ ಸಂಜೆ ಮಣಿಪಾಲದ ನಮ್ಮ ಮನೆಯ ಹಿಂದೆ ಯಾರೋ ಒಣ ಮಡಲಿಗೆ ಬೆಂಕಿ ಕೊಟ್ಟರು. ತೆಂಗಿನ ಗರಿ ಮೊದಲು ಚಟಚಟ ಎನ್ನುತ್ತದೆ, ಆಮೇಲೆ ಕಮಟು ಹೊಗೆ. "ಒಳಗೆ ಬಟ್ಟೆ ಹರವಿದ್ದೇನೆ, ಕಿಟಕಿ ಹಾಕಿ ಮಾರಾಯ್ರೆ" ಎಂದಳು ಹೆಂಡತಿ. ಹಾಕಲು ಎದ್ದವನು ಹಾಗೇ ನಿಂತೆ. ಮೂಡುಮನೆಯ ಮಾವ ಅಂಗಳಕ್ಕೆ ಬಂದು ನಿಂತ ಹಾಗಾಯಿತು...

ಸಂಬಂಧದಲ್ಲಿ ಅವರು ನನಗೆ ಮಾವನೇನಲ್ಲ. ಇನ್ನಂಜೆಯಲ್ಲಿ ನಮ್ಮ ಮನೆಯಿಂದ ಪೂರ್ವಕ್ಕೆ ಒಂದು ಗದ್ದೆ ದಾಟಿದರೆ ಮೂಡುಮನೆ. ಅಲ್ಲಿ ಅವರು ಮತ್ತು ಅವರ ತಂಗಿ. ತಂಗಿಯನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಗಂಡ ತೀರಿಕೊಂಡಿದ್ದರು, ಇಬ್ಬರು ಹೆಣ್ಣುಮಕ್ಕಳ ತಾಯಿ. ಗದ್ದೆ ಧಣಿಗಳದ್ದು, ಗೇಣಿ ಇವರದ್ದು. ನಮ್ಮ ಅಳಿಯಕಟ್ಟಿನಲ್ಲಿ ಮನೆ, ಗದ್ದೆ, ಗೇಣಿಯ ಹಕ್ಕು ಎಲ್ಲವೂ ತಾಯಿಯಿಂದ ಮಗಳಿಗೆ. ಅಣ್ಣನೋ ತಮ್ಮನೋ ಯಜಮಾನನಾಗಿ ನಡೆಸಿಕೊಂಡು ಹೋಗುತ್ತಾನೆ, ಅಷ್ಟೆ. ಅವನ ಹೆಂಡತಿ ಮಕ್ಕಳಿಗೆ ಅವರ ತಾಯಿಯ ಮನೆ ಬೇರೆ ಇರುತ್ತದೆ. ಮಾವನ ಹೆಂಡತಿಯ ಮನೆ ನಿಟ್ಟೆಯಲ್ಲಿತ್ತು. ಆಗಿನ್ನೂ ಅಲ್ಲಿ ಕಾಲೇಜು ಬಂದಿರಲಿಲ್ಲ.

ಶನಿವಾರ ಗದ್ದೆಯಿಂದ ಮೇಲೆ ಬಂದು, ಮಿಂದು, ತಂಗಿ ಬಡಿಸಿದ ಗಂಜಿ ಉಂಡು ಮಾವ ನಿಟ್ಟೆಗೆ ಹೊರಡುತ್ತಿದ್ದರು. ಕಂಕುಳಲ್ಲಿ ಒಂದು ಕಟ್ಟು ಒಣ ಮಡಲು. ಬಸ್ಸಿಳಿದ ಮೇಲೆ ನಡೆಯುವ ಕತ್ತಲ ದಾರಿಗೆ ಸೂಟೆ, ಅಂದರೆ ಮಡಲಿನ ಪಂಜು, ಹಚ್ಚಿಕೊಳ್ಳಲು. ಭಾನುವಾರ ಬೆಳ್ಮಣ್ಣಿನ ಒಂದು ಅಂಗಡಿಯಲ್ಲಿ ಕೆಲಸ ಮಾಡಿ ಕಾಲೇಜಿನ ಫೀಸು ಹುಟ್ಟಿಸುತ್ತಿದ್ದ ನನಗೂ ಶನಿವಾರ ಸಂಜೆ ಅದೇ ಕಾರ್ಕಳದ ಬಸ್ಸು. ಕಂಡಕ್ಟರ್ ಪ್ರತಿ ಸಲ ಅವರನ್ನು ಕೆಣಕುತ್ತಿದ್ದ.

"ಮಾವ, ನಿಮ್ಮ ಕಟ್ಟಿಗೂ ಒಂದು ಟಿಕೇಟು ಹರಿಯಲಾ?"

"ಅರ್ಧ ಹರಿ ಮಾರಾಯ. ಅದು ಹೋಗುವುದು ಮಾತ್ರ, ವಾಪಾಸು ಬರುವುದಿಲ್ಲ."

ಒಮ್ಮೆ ನಾನೇ ಕೇಳಿದೆ, ನಿಟ್ಟೆಯಲ್ಲಿ ತೆಂಗಿನ ಮರ ಇಲ್ವಾ ಎಂದು. "ಉಂಟು. ಅದು ಅವಳ ಮನೆಯದ್ದು ಅಳಿಯ. ನಾನು ಅಲ್ಲಿ ನೆಂಟ" ಎಂದರು. ಅದರಲ್ಲಿ ಬೇಸರವೇನೂ ಇರಲಿಲ್ಲ. ಹೀಗೆ ಎರಡು ಮನೆಗಳ ನಡುವೆ ಓಡಾಡಿಯೇ ಅವರ ಪ್ರಾಯ ಕಳೆದಿತ್ತು. ಸೋಮವಾರ ಬೆಳಕು ಹರಿಯುವಾಗ ಮತ್ತೆ ತಂಗಿಯ ಗದ್ದೆಯಲ್ಲಿ ಕೋಣಗಳ ಹಿಂದೆ ಇರುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಉಳುವವನೇ ಒಡೆಯ ಎಂಬ ಕಾನೂನು ಬಂತು. ಊರಿನ ಒಕ್ಕಲುಗಳೆಲ್ಲ ಗೇಣಿ ತಮ್ಮದೆಂದು ಡಿಕ್ಲರೇಷನ್ ಅರ್ಜಿ ಕೊಟ್ಟರು. ಮೂಡುಮನೆಯದ್ದು ಯಜಮಾನರೆಂದು ಮಾವನ ಹೆಸರಿನಲ್ಲೇ ಹೋಯಿತು. ಯಾರೂ ಅದರ ಬಗ್ಗೆ ಎರಡನೆಯ ಸಲ ಯೋಚಿಸಲಿಲ್ಲ. ಯೋಚಿಸಿದ್ದು ನಿಟ್ಟೆಯಲ್ಲಿದ್ದ ಅವರ ಮಗ. "ಅಪ್ಪ, ನಿಮ್ಮ ಹೆಸರಿಗೆ ಆಗಿಬಿಡಲಿ. ಮುಂದೆ ನಾವು ನೋಡಿಕೊಳ್ಳುತ್ತೇವೆ" ಎಂದನಂತೆ. ಅವನು ಆಸೆಬುರುಕನೆಂದು ನಾನು ಹೇಳಲಾರೆ. ಕಾಲ ಹಾಗೆ ತಿರುಗುತ್ತಿತ್ತು.

ಆ ವಾರ ಬಸ್ಸಿನಲ್ಲಿ ಮಾವ ಕಂಡಕ್ಟರನ ಮಾತಿಗೆ ನಗಲಿಲ್ಲ. ನನ್ನ ಹತ್ತಿರ ಮೆಲ್ಲಗೆ ಕೇಳಿದರು: "ನನ್ನ ಹೆಸರಿಗಾದರೆ ನನ್ನ ನಂತರ ಅದು ನನ್ನ ಮಕ್ಕಳಿಗಾ?"

ಹೌದೆಂದೆ. ಹೊಸ ಕಾನೂನು ಹಾಗೆಯೇ ಇತ್ತು.

"ಹಾಗಾದರೆ ಅವಳು, ಆ ಎರಡು ಹೆಣ್ಣುಮಕ್ಕಳು... ಎಲ್ಲಿಗೆ ಹೋಗಬೇಕು?"

ನಮ್ಮ ಊರಿನಲ್ಲಿ ಬಿ.ಎ. ಪಾಸಾದ ಮೊದಲಿಗ ನಾನು. ಅಮ್ಮ ಕಟ್ಟಿದ ಬೀಡಿಯ ಮೇಲೆ, ನನ್ನ ರಟ್ಟೆಯ ಮೇಲೆ ಪಾಸಾದದ್ದು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಉಡುಪಿಯಲ್ಲಿ ವಿಚಾರಣೆ ಎಂದಾದಾಗ ಮಾವ ನನ್ನನ್ನೂ ಕರೆದರು. "ಕಲಿತವ ಒಬ್ಬ ಜೊತೆಗಿದ್ದರೆ ಧೈರ್ಯ" ಎಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿ ಹೋದೆ. ದೊಡ್ಡಮ್ಮ ಮದುವೆಗೆ ಹೊರಟವರ ಹಾಗೆ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಬಂದಿದ್ದರು.

ವಿಚಾರಣೆಯ ಸಾಹೇಬರು ಘಟ್ಟದ ಮೇಲಿನವರು, ನಿಧಾನಿ. ಗೇಣಿಗೆ ಬೇಸಾಯ ಮಾಡುವವರು ನೀವೇ ತಾನೆ ಎಂದು ಮಾವನನ್ನು ಕೇಳಿದರು. ತುಳುವಿನಲ್ಲೇ ಮಾತಾಡುವ ಮಾವ ಎದ್ದು ನಿಂತು, ಶಾಲೆಯ ಮಕ್ಕಳ ಹಾಗೆ ಬಿಡಿಸಿ ಬಿಡಿಸಿ ಕನ್ನಡದಲ್ಲಿ ಹೇಳಿದರು: "ಗೇಣಿ ನನ್ನದಲ್ಲ ಸ್ವಾಮಿ. ಅದು ತಂಗಿಯದ್ದು. ಅವಳ ಹೆಸರಿಗೆ ಮಾಡಿಕೊಡಿ."

ಅರ್ಜಿ ಕೊಟ್ಟವರು ನೀವಲ್ಲವೇ ಎಂದರು ಸಾಹೇಬರು. ಮಾವ ಮತ್ತೆ ಅದನ್ನೇ ಹೇಳಿದರು. ಆಗ ದೊಡ್ಡಮ್ಮನನ್ನು ಕರೆದರು. ಗೇಣಿ ನಿಮ್ಮದೇ? ದೊಡ್ಡಮ್ಮ ಸೆರಗು ಎಳೆದುಕೊಂಡು ನೆಲ ನೋಡಿದರು.

"ನನ್ನದೆಂತದ್ದೂ ಇಲ್ಲ. ಎಲ್ಲ ಅಣ್ಣನದ್ದು. ಅಣ್ಣನನ್ನು ಕೇಳಿ."

ಮಾವ ತಂಗಿಯ ಕಡೆ ತಿರುಗಿದರು. ಧಣಿಗಳ ಕಡೆಯ ವಕೀಲರು ಆಗಲೇ ಎದ್ದಿದ್ದರು: ಇಬ್ಬರೂ ಗೇಣಿ ತಮ್ಮದಲ್ಲ ಎನ್ನುತ್ತಿದ್ದಾರೆ, ಇನ್ನೇನು ಉಳಿಯಿತು? ನನಗೆ ಕೂತಿರಲಾಗಲಿಲ್ಲ. "ಸರ್, ಇವರ ಪದ್ಧತಿಯಲ್ಲಿ..." ಎಂದೆ.

"ನೀವು ವಕೀಲರಾ?"

"ಅಲ್ಲ ಸರ್. ಬಿ.ಎ."

ಹಿಂದೆ ಯಾರೋ ನಕ್ಕರು. ಸಂಬಂಧಪಡದವರು ಮಾತಾಡಬಾರದೆಂದು ಸಾಹೇಬರು ಮೆತ್ತಗೇ ಹೇಳಿದರು. ಅವರನ್ನು ದೂರುವಂತಿಲ್ಲ. ಅಣ್ಣತಂಗಿಯರನ್ನು ಇನ್ನೊಂದು ಸಲವೂ ಕೇಳಿದರು. ಇನ್ನೊಂದು ಸಲವೂ ಅಣ್ಣ ತಂಗಿಯದ್ದೆಂದರು, ತಂಗಿ ಅಣ್ಣನದ್ದೆಂದರು. ತಂಗಿಯ ಹೆಸರಿನಲ್ಲಿ ಅರ್ಜಿಯೇ ಇರಲಿಲ್ಲ, ಹೊಸದಾಗಿ ಕೊಡುವ ಗಡುವು ಮುಗಿದಿತ್ತು. ಮಾವನ ಅರ್ಜಿ ವಜಾ ಆಯಿತು.

ವಾಪಾಸು ಬರುವಾಗ ಬಸ್ಸಿನಲ್ಲಿ ದೊಡ್ಡಮ್ಮನನ್ನು ಕೇಳಿದೆ, ನನ್ನದು ಎಂದು ಒಂದು ಮಾತು ಹೇಳಬಾರದಿತ್ತಾ ಎಂದು. "ಅಷ್ಟು ಜನರ ಎದುರು, ಅಣ್ಣ ನಿಂತಿರುವಾಗ, ನಾನು ನನ್ನದು ಎನ್ನುವುದುಂಟಾ ಮಗಾ?" ಎಂದರು. ಮೇಲಿನ ಕೋರ್ಟಿಗೆ ಹೋಗೋಣ, ಗೇಣಿ ನನ್ನದೇ ಎಂದುಬಿಡಿ ಎಂದು ಮಾವನಿಗೆ ಎಷ್ಟೋ ಸಲ ಹೇಳಿದೆ. ಅವರು ಗಲಾಟೆ ಮಾಡಲಿಲ್ಲ, ಅಳಲಿಲ್ಲ. "ಅಲ್ಲಿ ಹೋಗಿ ಎಂತ ಹೇಳುವುದು? ತಂಗಿಯದ್ದು ಅಲ್ಲ ಎಂದು ಹೇಳುವುದಾ?"

 

ಆ ವರ್ಷದ ಬೆಳೆ ತೆಗೆಯಲು ಧಣಿಗಳು ಬಿಟ್ಟರು. ಆಮೇಲೆ ಗದ್ದೆ ಗಲ್ಫಿನಲ್ಲಿದ್ದ ಯಾರಿಗೋ ಹೋಯಿತು. ಮಣ್ಣಿನ ಗೋಡೆಯ ಮೂಡುಮನೆಯನ್ನು ಬೀಳಿಸಿದರು. ದೊಡ್ಡಮ್ಮ ಕಾಪುವಿನಲ್ಲಿ ದೊಡ್ಡ ಮಗಳ ಗಂಡನ ಬಾಡಿಗೆ ಮನೆಗೆ ಹೋದರು. ಮಾವ ನಿಟ್ಟೆಗೆ. ಹೆಂಡತಿ ಮಕ್ಕಳು ಅವರನ್ನು ಚೆನ್ನಾಗಿಯೇ ನೋಡಿಕೊಂಡರು, ಮಗ ಗದ್ದೆಯ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ವಾರಕ್ಕೊಮ್ಮೆ ನೆಂಟನಾಗಿ ಹೋಗುತ್ತಿದ್ದ ಮನೆಯಲ್ಲಿ ದಿನವೂ ಇರುವುದು ಅವರಿಗೆ ಬರಲೇ ಇಲ್ಲ. ಊಟಕ್ಕೆ ಕರೆಯುವ ತನಕ ಜಗಲಿಯಲ್ಲೇ ಕೂತಿರುತ್ತಿದ್ದರಂತೆ.

ಕೊನೆಗೆ ಅವರನ್ನು ಕಂಡದ್ದು ಎಂಬತ್ತರ ದಶಕದ ಕೊನೆಯಲ್ಲಿ, ಅದೇ ಕಾರ್ಕಳದ ಬಸ್ಸಿನಲ್ಲಿ. ನಾನು ಕೆಲಸಕ್ಕೆ ಸೇರಿ ವರ್ಷಗಳಾಗಿದ್ದವು. ಅವರು ಕಾಪುವಿಗೆ ಹೋಗಿ ತಂಗಿಯನ್ನು ನೋಡಿ ಬರುತ್ತಿದ್ದರು. ಕಂಕುಳು ಖಾಲಿ. ಆದರೂ ಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಕೂತಿದ್ದರು, ಕಟ್ಟು ಅಲ್ಲಿಯೇ ಇದ್ದ ಹಾಗೆ. ನಿಟ್ಟೆಯಲ್ಲಿ ಅವರ ಜೊತೆ ನಾನೂ ಇಳಿದೆ. ಮುಸ್ಸಂಜೆ. ದೂರದಲ್ಲಿ ಹಾಸ್ಟೆಲಿನ ದೀಪಗಳು ಹೊತ್ತಿದ್ದವು, ಅವರ ಮನೆಯ ದಾರಿ ಮಾತ್ರ ಕತ್ತಲೆ. ಬೇಲಿಯ ಪಕ್ಕ ಒಣ ಮಡಲು ಬಿದ್ದಿತ್ತು.

"ಒಂದು ಸೂಟೆ ಕಟ್ಟಿಕೊಡಲಾ ಮಾವ?"

"ಬೇಡ ಅಳಿಯ. ಅದು ಯಾರದ್ದೋ."

ಹೋದರು. ಮೊದಲಾದರೆ ಬೆಂಕಿ ಬೀಸುತ್ತಾ ಹೋಗುವುದು ರಸ್ತೆಗೇ ಕಾಣುತ್ತಿತ್ತು, ಮನೆ ಮುಟ್ಟಿದ್ದೂ ತಿಳಿಯುತ್ತಿತ್ತು. ಅಂದು ಏನೂ ಕಾಣಲಿಲ್ಲ. ಹೆಜ್ಜೆಯ ಸದ್ದು ನಿಲ್ಲುವವರೆಗೆ ಅಲ್ಲಿಯೇ ಇದ್ದೆ.

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಬೊಜ್ಜ ಮುಗಿದ ಮೇಲೆ. ಸತ್ತವನ ಆ ಕೊನೆಯ ಕಾರ್ಯ ಅವನು ಹುಟ್ಟಿದ ಮನೆಯಲ್ಲಿ ಆಗಬೇಕು. ಆ ಮನೆಯೇ ಇರಲಿಲ್ಲ. ನಿಟ್ಟೆಯ ಅಂಗಳದಲ್ಲಿ ಮಾಡಿದರಂತೆ, ದೊಡ್ಡಮ್ಮ ನೆಂಟರ ಸಾಲಿನಲ್ಲಿ ಕೂತಿದ್ದರಂತೆ...

ಮಡಲಿನ ಬೆಂಕಿ ಹೆಚ್ಚು ಹೊತ್ತು ಇರುವುದಿಲ್ಲ. ಹೆಂಡತಿ ಬಂದು ಕಿಟಕಿ ಹಾಕುವಾಗ ಹಿಂದಿನ ಹಿತ್ತಿಲಲ್ಲಿ ಬೂದಿ ಮಾತ್ರ ಇತ್ತು, ಹೊಗೆ ಒಳಗೆ ಬಂದಾಗಿತ್ತು. "ನೋಡಿ, ಹೇಳಿದ್ದೆ ಅಲ್ವಾ? ನಿಮ್ಮ ಅಂಗಿಗಳಿಗೆಲ್ಲ ವಾಸನೆ. ಪುನಃ ಒಗೆಯಬೇಕು."

ಹೊಗೆ ಹತ್ತಿದ ಒಂದು ಅಂಗಿಯನ್ನು ಎತ್ತಿಕೊಂಡು "ಉಳಿದದ್ದು ಒಗೆ" ಎಂದೆ. "ಇದೊಂದು ಇರಲಿ."