ಸ್ಕ್ರಮ್ಮಿನ ನಡುವೆ ಎದ್ದು ನಿಂತ ಸಿಂಡಿಲೆ ಮಾಬೋನಾ

ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪಿನ ನಮ್ಮ ಹಳ್ಳಿಗಳಲ್ಲಿ ರಗ್ಬಿಯಾಡುತ್ತ ಓಡಿ ಹೆಸರು ಮಾಡಿದವರು ಬಹಳ ಮಂದಿ. ತಳ್ಳಿ ಹೆಸರು ಮಾಡಿದವರು ಕಡಿಮೆ. ಚೆಂಡು ಹಿಡಿದು ಓಡುವವನ ಮುಖವನ್ನು ಊರೆಲ್ಲ ನೋಡುತ್ತದೆ, ಎರಡೂ ತಂಡದವರು ಹೆಗಲು ಹೆಣೆದು ಎದುರುಬದುರು ತಳ್ಳಾಡುವ ಸ್ಕ್ರಮ್ಮಿನಲ್ಲಿ ತಲೆ ಬಗ್ಗಿಸಿ ತಳ್ಳುವವನ ಬೆನ್ನನ್ನಷ್ಟೇ ನೋಡುತ್ತದೆ. ಕರಾವಳಿ ನಗರದ ವೃತ್ತಿಪರ ತಂಡದಲ್ಲಿ ಸ್ಕ್ರಮ್ಮಿನ ಮುಂದಿನ ಸಾಲಿನ ಬಲಗಡೆ ನಿಲ್ಲುವ ಪ್ರಾಪ್ ಆಗಿ ಹದಿಮೂರು ವರ್ಷ, ಇನ್ನೂರ ಹನ್ನೊಂದು ಪಂದ್ಯಗಳನ್ನಾಡಿ, ಮೂವತ್ತೇಳನೆಯ ವಯಸ್ಸಿನಲ್ಲಿ ನಿವೃತ್ತರಾಗುತ್ತಿರುವ ಸಿಂಡಿಲೆ ಮಾಬೋನಾ ಅವರು ಆ ಬೆನ್ನಿನಿಂದಲೇ ದೇಶಕ್ಕೆ ಪರಿಚಿತರಾದವರು. ನಮ್ಮೂರಿನ ಎನ್ತಾಬೇನಿ ಕ್ಲಬ್ಬಿನಲ್ಲಿ ಐದು ವರ್ಷ ಅವರ ಎಡಪಕ್ಕದಲ್ಲಿ, ಅವರ ಹೆಗಲಿಗೆ ತೋಳು ಬಿಗಿದು, ಆ ಸಾಲಿನ ನಡುವಿನ ಹೂಕರ್ ಆಗಿ ನಿಂತವನು ನಾನು. ಅವರ ಬಗ್ಗೆ ಬರೆಯಲು ನನಗಿರುವಷ್ಟು ಹಕ್ಕು ಇನ್ನೊಬ್ಬರಿಗಿಲ್ಲ.

ಹತ್ತೊಂಬತ್ತರ ವಯಸ್ಸಿನಲ್ಲಿ ಅವರು ಕ್ಲಬ್ಬಿಗೆ ಬಂದಾಗ ಕುರಿಯ ಉಣ್ಣೆ ಕತ್ತರಿಸುವ ಕೆಲಸದಲ್ಲಿದ್ದರು. ನಮಗೆ ತರಬೇತಿಯ ಯಂತ್ರ ಇರಲಿಲ್ಲ. ಕೆಟ್ಟು ನಿಂತ ಪಿಕಪ್ ಗಾಡಿಯನ್ನು ಗುಡ್ಡಕ್ಕೆ ತಳ್ಳುತ್ತಿದ್ದೆವು. ಸ್ಟಿಯರಿಂಗ್ ಹಿಡಿದು ಕೂರುತ್ತಿದ್ದವರು ಅವರ ತಾಯಿ ಮಾಡ್ಲೋಮೊ. "ಬ್ರೇಕ್ ಮೇಲೆ ನಾನು ಕಾಲಿಟ್ಟಿಲ್ಲ ಕಣ್ರೋ, ನಿಮ್ಮ ತೋಳಲ್ಲೇ ಗಂಜಿ ಇಳಿದಿಲ್ಲ" ಎಂದು ಕಿಟಕಿಯಿಂದ ಕೂಗುತ್ತಿದ್ದರು.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರನ್ನು ನೋಡಲೆಂದೇ ನಗರದ ತಂಡದ ಆಯ್ಕೆಗಾರ ಬಂದ. ಅಂದು ನಮಗೂ ಎಂಫುಲೇನಿ ಊರಿಗೂ ಈಸ್ಟರ್ ಪಂದ್ಯಾವಳಿಯ ಕೊನೆಯ ಪಂದ್ಯ. ಕೊನೆಯ ನಿಮಿಷ. ನಾವು ಎರಡು ಅಂಕ ಹಿಂದೆ, ಎಂಫುಲೇನಿಯವರ ಗೆರೆಗೆ ಐದು ಮೀಟರ್ ದೂರದಲ್ಲಿ ನಮ್ಮ ಸ್ಕ್ರಮ್. ಒಂದು ಗಟ್ಟಿ ತಳ್ಳು ಸಾಕು, ಕಪ್ ನಮ್ಮದು, ಸಿಂಡಿಲೆಯ ಕೈಗೆ ನಗರದ ಕರಾರು. ತಳ್ಳಿದೆವು. ಎದುರು ಸಾಲು ಹಿಂದೆ ಸರಿಯತೊಡಗಿತು. ಆಗ ಸಿಂಡಿಲೆ ನನ್ನ ಹಿಡಿತ ಬಿಡಿಸಿಕೊಂಡು ನೆಟ್ಟಗೆ ಎದ್ದು ನಿಂತರು. ಸ್ಕ್ರಮ್ಮಿನಲ್ಲಿ ಎದ್ದು ನಿಲ್ಲುವುದು ತಪ್ಪು, ರೆಫ್ರಿ ಸೀಟಿ ಊದಿ ನಮ್ಮ ವಿರುದ್ಧ ಪೆನಾಲ್ಟಿ ಕೊಟ್ಟ. ಎಂಫುಲೇನಿಯವರು ಚೆಂಡನ್ನು ಹೊರಗೆ ಒದ್ದರು. ಪಂದ್ಯ ಮುಗಿಯಿತು.

"ಯಾಕೋ ಎದ್ದೆ, ಹೇಡಿ?" ಎಂದು ಮೈದಾನದ ನಡುವೆಯೇ ಅವರ ಅಂಗಿ ಹಿಡಿದೆ.

"ಕತ್ತು ಅಣ್ಣ. ಅವನ ಕತ್ತು ನನ್ನ ಎದೆಯಡಿ ಮಡಚ್ಕೊಂಡಿತ್ತು."

"ಯಾವ ಕತ್ತು? ನೋಡಲ್ಲಿ, ಎದ್ದು ನಡ್ಕೊಂಡು ಹೋಗ್ತಿದಾನೆ!"

ಎದುರಾಳಿ ಓಡ್ವಾ ಎಂಬವನು ನಿಜಕ್ಕೂ ನಡೆದುಕೊಂಡೇ ಹೋದ. ಆಯ್ಕೆಗಾರ ಕಪ್ ಕೊಡುವ ಮೊದಲೇ ಕಾರು ಹತ್ತಿ ಹೊರಟ. ಊರಿಗೆ ಮರಳುವ ಬಸ್ಸಿನಲ್ಲಿ ಸಿಂಡಿಲೆಯ ಪಕ್ಕದ ಸೀಟು ಖಾಲಿಯಿತ್ತು. ಮುಂದಿನ ಎರಡು ಪಂದ್ಯಕ್ಕೆ ಅವರನ್ನು ಕೈಬಿಡಬೇಕೆಂದು ಸಮಿತಿಯಲ್ಲಿ ಮೇಜು ಗುದ್ದಿದವನೂ ನಾನೇ. ಅವರು ಎದುರಾಡಲಿಲ್ಲ, ಶನಿವಾರ ಬಂದು ಗೆರೆಯಾಚೆ ನಿಂತು ನಮಗೆ ನೀರು ಕೊಟ್ಟರು.

ಮೂರನೆಯ ವಾರ ಓಡ್ವಾನ ತಂದೆ ಒಂದು ಕುರಿ ಹಿಡಿದುಕೊಂಡು ಮಾಬೋನಾ ಮನೆಯ ಗೇಟಿನಲ್ಲಿ ನಿಂತು, ಆ ಮನೆಯವರ ಕುಲದ ಹೆಸರು ಹಿಡಿದು ಕೂಗಿದರು: "ಟೋಲೊ! ಡ್ಲಂಗಮಾಂಡ್ಲಾ! ಒಳಗೆ ಬರಬಹುದಾ?" ನಾನು ಅಲ್ಲೇ ಇದ್ದೆ, ಬೇಲಿಯ ಜಗಳವೊಂದಕ್ಕೆ ಮಾಡ್ಲೋಮೊ ಕರೆಸಿದ್ದರು. ಆತ ಹೇಳಿದ್ದು ಇಷ್ಟು: ಮಗನ ಕೈಗಳು ಮರುದಿನವೇ ಮರಗಟ್ಟಿದವು, ಆಸ್ಪತ್ರೆಯಲ್ಲಿ ಕತ್ತಿನ ಮೂಳೆ ಬಿರುಕು ಬಿಟ್ಟಿದ್ದು ಕಂಡಿತು. "ನಿಮ್ಮ ಹುಡುಗ ಇನ್ನೊಂದು ಸಲ ತಳ್ಳಿದ್ರೆ ನಾನಿವತ್ತು ಕುರಿ ಹಿಡ್ಕೊಂಡು ಬರ್ತಿರ್ಲಿಲ್ಲ, ಮಗನ ಗುಂಡಿ ತೋಡಿಸ್ತಿದ್ದೆ."

"ಕುರಿ ಚೆನ್ನಾಗಿದೆ," ಎಂದರು ಮಾಡ್ಲೋಮೊ. "ನೀವು ಬಾಯಿ ಮೊದಲೇ ಬಿಟ್ಟಿದ್ರೆ ಇನ್ನೂ ಚೆನ್ನಾಗಿರ್ತಿತ್ತು." ಆಮೇಲೆ ನನ್ನತ್ತ ಬೆರಳು ತೋರಿಸಿದರು. "ನೋಡಿ, ಈ ರಾಡೆಬೆ ಅವನ ಪಕ್ಕದಲ್ಲೇ ತಲೆಯಿಟ್ಟಿದ್ದ. ಇವನಿಗೆ ಚೆಂಡು ಬಿಟ್ಟು ಬೇರೇನೂ ಕಾಣ್ಲಿಲ್ಲ."

ತಪ್ಪಾಯಿತೆಂದು ಅಂದೇ ಹೇಳಿದೆ, ಇಲ್ಲಿಯೂ ಬರೆದಿದ್ದೇನೆ.

ಆದರೆ ಕರಾರು ಹಿಂದಿರುಗಿ ಬರಲಿಲ್ಲ. ಎರಡು ವರ್ಷ ಅವರು ಉಣ್ಣೆ ಕತ್ತರಿಸಿದರು, ಶನಿವಾರಗಳಂದು ನಮ್ಮೊಡನೆ ಆಡಿದರು. ನಗರದ ತಂಡದ ಇಬ್ಬರು ಪ್ರಾಪ್‌ಗಳು ಗಾಯಗೊಂಡ ಮೇಲಷ್ಟೇ ಅದೇ ಆಯ್ಕೆಗಾರ ಮತ್ತೆ ಬಂದ. ಕರಾರಿನ ಕಾಗದವನ್ನು ಕ್ಲಬ್ಬಿನ ಮೇಜಿನ ಮೇಲಿಟ್ಟು, ಪೆನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ಕೇಳಿದ: "ಅವತ್ತಿನ ಹಾಗೆ ಮತ್ತೆ ಎದ್ದು ನಿಲ್ತೀಯಾ?"

ಇಲ್ಲ ಎಂದುಬಿಡು ಮಾರಾಯ ಎಂದು ಪಕ್ಕದಲ್ಲಿ ನಿಂತಿದ್ದ ನಾನು ಕಣ್ಣಲ್ಲೇ ಬೇಡಿಕೊಂಡೆ.

"ಕತ್ತು ಸಿಕ್ಕಿಹಾಕ್ಕೊಂಡ್ರೆ ನಿಲ್ತೀನಿ ಸರ್," ಎಂದರು ಸಿಂಡಿಲೆ.

ಆತ ಪೆನ್ನು ಮುಂದಕ್ಕೆ ತಳ್ಳಿದ.

ಮುಂದಿನದು ಪತ್ರಿಕೆಗಳಲ್ಲಿದೆ. ಪತ್ರಿಕೆಗಳಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ. ಪ್ರತಿ ಡಿಸೆಂಬರಿನಲ್ಲಿ ಊರಿಗೆ ಬಂದು, ಸುತ್ತಲ ಎಂಟು ಹಳ್ಳಿಗಳ ಮುಂದಿನ ಸಾಲಿನವರನ್ನು ಕರೆಸಿ, ಕತ್ತು ಉಳಿಸಿಕೊಂಡು ಬೀಳುವುದು ಹೇಗೆಂದು ಕಲಿಸಿದರು. ಎಂಫುಲೇನಿಯವರನ್ನೂ ಕರೆಸಿದರು. "ಶತ್ರುಗಳಿಗೆ ಪಾಠ ಹೇಳ್ತೀಯಾ?" ಎಂದು ನಾನು ರೇಗಿದರೆ, "ಅವರಿಲ್ದಿದ್ರೆ ಯಾರ ಮೇಲೆ ಒರಗಿ ತಳ್ತೀಯಣ್ಣ, ಬೇಲಿ ಮೇಲಾ?" ಎಂದು ನಕ್ಕರು. ಈಗ ಅವರ ಕತ್ತು ಎಡಕ್ಕೆ ಪೂರ್ತಿ ತಿರುಗುವುದಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಾರೆ. ಆದರೆ ಹದಿಮೂರು ವರ್ಷಗಳಲ್ಲಿ ಅವರೆದುರು ತಲೆಯಿಟ್ಟ ಒಬ್ಬನೂ ಸ್ಟ್ರೆಚರಿನಲ್ಲಿ ಮನೆಗೆ ಹೋಗಲಿಲ್ಲ. ಗೆದ್ದ ಕಪ್‌ಗಳನ್ನು ಬೇರೆಯವರು ಎಣಿಸಲಿ. ನನ್ನ ಹೆಮ್ಮೆ ಇದು.

ಮುಂದಿನ ತಿಂಗಳಿಂದ ಅವರು ಈ ಎಂಟು ಹಳ್ಳಿಗಳ ಪೂರ್ಣಾವಧಿ ತರಬೇತುದಾರರು. ಅವರಿಗೆ ದೀರ್ಘಾಯುಷ್ಯ ಕೋರುವುದು ಇಂಥ ಅಭಿನಂದನಾ ಪುಸ್ತಕದ ಪದ್ಧತಿ. ಒಬ್ಬರಿಗೇ ಕೋರಿದರೆ ಅವರು ಒಪ್ಪುವವರಲ್ಲ. ಆದ್ದರಿಂದ ಸಿಂಡಿಲೆ ಮಾಬೋನಾ ನೂರು ವರ್ಷ ಬಾಳಲಿ, ಅವರೆದುರು ನಿಂತು ತಳ್ಳಿದವರೆಲ್ಲರೂ ಅವರಷ್ಟೇ ಬಾಳಲಿ.